ಗಲ್ಲುಶಿಕ್ಷೆಯ ಥ್ರಿಲ್ಲರ್: ಬೋರು ಅಂತ ಹಾರಿಸುವ ಪುಟಗಳ ಪರವಾಗಿ

ನಮಸ್ಕಾರ. ಗಲ್ಲುಶಿಕ್ಷೆಯ ಸುತ್ತ ಹೆಣೆದ ಥ್ರಿಲ್ಲರ್ ಕಾದಂಬರಿ ಓದಿ ಮುಗಿಸಿದವರು ಏನು ಹೇಳ್ತಾರೆ ಅನ್ನೋದು ಇವತ್ತಿನ ವಿಷಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥ ಪುಸ್ತಕಕ್ಕೆ ಓದುಗರು ಕಡಿಮೆ ಇಲ್ಲ. ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತು ಬಂದಿರುತ್ತೆ. ಆದರೆ ಓದಿದ ಮೇಲೆ ಬರುವ ಮಾತು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತೆ. "ಶುರು ಚೆನ್ನಾಗಿತ್ತು, ಆಮೇಲೆ ಕೋರ್ಟು ಕಚೇರಿ ಅಂತ ಎಳೆದುಬಿಟ್ಟ." "ಕೊನೆಗೂ ಗಲ್ಲಿಗೆ ಹಾಕಲೇ ಇಲ್ಲ, ಓದಿದ್ದೆಲ್ಲ ದಂಡ." "ಲೇಖಕ ಕೊಲೆಗಾರನ ಪರ ವಕಾಲತ್ತು ವಹಿಸಿದ್ದಾನೆ."

ಕಡೇ ಮಾತಿನಲ್ಲಿ ಹುರುಳಿದೆ, ಅದಕ್ಕೆ ಆಮೇಲೆ ಬರೋಣ. ಮೊದಲನೇ ಮಾತು ಮಾತ್ರ ನಾವು ಒಪ್ಪೋದಿಲ್ಲ. ಇಂಥ ಕಾದಂಬರಿಯ ಜೀವ ಇರೋದೇ ಜನ ಬೋರು ಅಂತ ಹಾರಿಸುವ ಪುಟಗಳಲ್ಲಿ. ನೇಣಿನ ಹಗ್ಗ ವರ್ಣಿಸೋಕೆ ಯಾರಿಂದಲೂ ಆಗುತ್ತೆ. ಒಂದು ಕಡತ ಎಲ್ಲಿ ನಿಂತಿತು, ಯಾಕೆ ನಿಂತಿತು, ಅದು ನಿಂತಷ್ಟು ದಿನ ಒಬ್ಬ ಮನುಷ್ಯ ಯಾವ ಕೋಣೆಯಲ್ಲಿದ್ದ ಅನ್ನೋದನ್ನು ಬರೆಯೋಕೆ ವಿಷಯ ಗೊತ್ತಿರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಕೊಲೆ ಆಯ್ತು ಅಂತ ಕಥೆ. ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್ ಆಗಿ ಕೇಸು ತುಮಕೂರಿನ ಸೆಷನ್ಸ್ ಕೋರ್ಟಿಗೆ ಬರುತ್ತೆ. ವಿಚಾರಣೆ ಮುಗಿದು "ಅಪರಾಧಿ" ಅಂತ ತೀರ್ಪಾಗುತ್ತೆ. ಮುಕ್ಕಾಲು ಪಾಲು ಕಾದಂಬರಿಗಳಲ್ಲಿ ಅದೇ ಉಸಿರಿನಲ್ಲಿ ಜಡ್ಜ್ ಗಲ್ಲು ಅಂತ ಘೋಷಿಸಿ, ಪೆನ್ನಿನ ನಿಬ್ಬು ಮುರಿದು ಎದ್ದು ಹೋಗ್ತಾರೆ. ನಿಬ್ಬು ಮುರಿಯೋದು ರೂಢಿ ಅಷ್ಟೇ, ಯಾವ ಕಾನೂನಿನಲ್ಲೂ ಅದು ಇಲ್ಲ. ಇರೋದು ಏನು ಅಂದ್ರೆ, ಅಪರಾಧಿ ಅಂತ ತೀರ್ಮಾನ ಆದ ಮೇಲೆ ಶಿಕ್ಷೆ ಎಷ್ಟು ಅನ್ನೋದಕ್ಕೆ ಬೇರೆಯೇ ವಾದ ಕೇಳಬೇಕು. ಗಲ್ಲು ಕೊಡೋದಾದರೆ ವಿಶೇಷ ಕಾರಣ ಬರೆಯಲೇಬೇಕು. ಇದು ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ.

ಗಲ್ಲು ಕೊಡೋಕೆ ಕೋರ್ಟು ಇಟ್ಟುಕೊಂಡಿರುವ ಅಳತೆ "ಅಪರೂಪದಲ್ಲಿ ಅಪರೂಪದ ಪ್ರಕರಣ". ಇದನ್ನು ಓದುಗರು "ತುಂಬಾ ಕ್ರೂರವಾದ ಕೊಲೆ" ಅಂತ ಅರ್ಥ ಮಾಡ್ಕೊಂಡು, "ಇಷ್ಟು ಕ್ರೂರವಾಗಿ ಕೊಂದವನಿಗೂ ಗಲ್ಲು ಇಲ್ಲವಾ" ಅಂತ ಸಿಟ್ಟಾಗ್ತಾರೆ. ಈ ಅಳತೆ ಕೊಟ್ಟ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಅಷ್ಟಕ್ಕೇ ನಿಲ್ಲೋದಿಲ್ಲ. ಕೃತ್ಯದ ಜೊತೆ ಮನುಷ್ಯನನ್ನೂ ನೋಡಿ, ಅವನು ತಿದ್ದಿಕೊಳ್ಳುವ ಸಾಧ್ಯತೆಯೇ ಇಲ್ಲವಾ, ಜೀವಾವಧಿ ಅನ್ನುವ ಬಾಗಿಲು ಪೂರ್ತಿ ಮುಚ್ಚಿದೆಯಾ ಅಂತ ಕೇಳಬೇಕು ಅನ್ನುತ್ತೆ. ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಅಪರಾಧಿಯ ಮನೆತನ, ಬಾಲ್ಯ, ಓದು, ಮಾನಸಿಕ ಸ್ಥಿತಿ, ಜೈಲಿನ ನಡವಳಿಕೆ ಇವೆಲ್ಲ ವಿಚಾರಣಾ ಕೋರ್ಟಿನ ಹಂತದಲ್ಲೇ ಕಡತಕ್ಕೆ ಬರಬೇಕು ಅಂತ ಹೇಳ್ತು. ಯಾರೋ ಒಬ್ಬರು ಆ ಹಳ್ಳಿಗೆ ಹೋಗಿ, ಕೊಂದವನ ಮೇಷ್ಟ್ರು, ನೆರೆಹೊರೆ, ಮಾತಾಡೋಕೇ ಒಪ್ಪದ ಅಣ್ಣತಮ್ಮಂದಿರನ್ನು ಹುಡುಕಬೇಕು. ಇದಕ್ಕಿಂತ ಒಳ್ಳೆ ಪತ್ತೇದಾರಿ ಅಧ್ಯಾಯ ಸಿಗುತ್ತಾ? ನಮ್ಮ ಲೇಖಕರು ಇದನ್ನ ಮುಟ್ಟೋದೇ ಇಲ್ಲ ಅನ್ನೋದು ನಿಜಕ್ಕೂ ಬೇಜಾರಿನ ವಿಷಯ.

ಸೆಷನ್ಸ್ ಕೋರ್ಟು ಗಲ್ಲು ಅಂದ ಮಾತ್ರಕ್ಕೆ ಗಲ್ಲಾಗಲ್ಲ. ಹೈಕೋರ್ಟು ಕಾಯಂ ಮಾಡುವ ತನಕ ಆ ಶಿಕ್ಷೆ ಜಾರಿಗೆ ಬರೋದಿಲ್ಲ. ಅಪರಾಧಿ ಮೇಲ್ಮನವಿ ಹಾಕಲಿ ಬಿಡಲಿ, ಕಡತ ತಾನಾಗಿ ಬೆಂಗಳೂರಿಗೆ ಹೋಗಲೇಬೇಕು. ಮೇಲ್ಮನವಿಗೆ 30 ದಿನ ಇರುತ್ತೆ. ಹೈಕೋರ್ಟಿನಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಸಹಿ ಬೇಕು. ಅವರು ಬೇಕಾದರೆ ಹೊಸ ಸಾಕ್ಷ್ಯ ತೆಗೆದುಕೊಳ್ಳಬಹುದು, ಮರುವಿಚಾರಣೆಗೆ ಹೇಳಬಹುದು, ಪೂರ್ತಿ ಖುಲಾಸೆಯನ್ನೂ ಮಾಡಬಹುದು. ಇಬ್ಬರಲ್ಲಿ ಒಮ್ಮತ ಬರದಿದ್ದರೆ ಮೂರನೆಯವರ ಮುಂದೆ ಹೋಗುತ್ತೆ.

ಇದು ನಮ್ಮ ರಾಜ್ಯದಲ್ಲೇ ಆಗಿದೆ. ಅತ್ಯಾಚಾರ, ಕೊಲೆ ಮಾಡಿದ ಬಿ.ಎ. ಉಮೇಶ್ ಪ್ರಕರಣದಲ್ಲಿ 2006ರಲ್ಲಿ ಬೆಂಗಳೂರಿನ ಕೋರ್ಟು ಗಲ್ಲು ವಿಧಿಸಿತು. 2007ರಲ್ಲಿ ಹೈಕೋರ್ಟಿನ ಇಬ್ಬರಲ್ಲಿ ಒಬ್ಬರು ಗಲ್ಲು ಅಂದರು, ಇನ್ನೊಬ್ಬರು ಜೀವಾವಧಿ ಸಾಕು ಅಂದರು. 2009ರಲ್ಲಿ ಮೂರನೆಯವರು ಗಲ್ಲು ಅಂದರು. 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. ಕಥೆ ಮುಗೀತು ಅನಿಸುತ್ತೆ ಅಲ್ವಾ? 2022ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟು ಗಲ್ಲು ರದ್ದು ಮಾಡಿ, ಕನಿಷ್ಠ 30 ವರ್ಷದ ಜೀವಾವಧಿ ಮಾಡ್ತು. ಕಾರಣ, ಬೆಳಗಾವಿ ಜೈಲಿನಲ್ಲಿ ಅವನನ್ನು ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಕ್ಷಮಾದಾನದ ಅರ್ಜಿ ಇತ್ಯರ್ಥ ಆಗುವ ಮೊದಲೇ ಹಾಗೆ ಒಂಟಿಯಾಗಿ ಇಡಬಾರದು ಅಂತ 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಇದೆ. ಅಪರಾಧ ಸಾಬೀತಾಗಿತ್ತು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಗಲ್ಲು ತಪ್ಪಿದ್ದು ಜೈಲಿನ ಆಡಳಿತ ಕಾನೂನು ಮೀರಿದ್ದರಿಂದ. ಕೊನೇ ಅಧ್ಯಾಯದಲ್ಲಿ ಅಸಲಿ ಕೊಲೆಗಾರ ಸಿಕ್ಕಿಬೀಳುವ ತಿರುವಿಗಿಂತ ಇದು ಎಷ್ಟೋ ಪಾಲು ಗಟ್ಟಿ.

ಇನ್ನೊಂದು ಅಂದರೆ ಜಾಗ. ಕಾದಂಬರಿಯಲ್ಲಿ ಊರಿನ ಜೈಲಿನಲ್ಲೇ ಬೆಳಗಿನ ಜಾವ ಗಂಟೆ ಬಾರಿಸುತ್ತೆ. ಕರ್ನಾಟಕದಲ್ಲಿ ಗಲ್ಲಿಗೆ ಗುರಿಯಾದವರನ್ನು ಇಡೋದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ತುಮಕೂರಿನಿಂದ ಪುಣೆ ಹೆದ್ದಾರಿ ಹಿಡಿದರೆ ನಾನೂರು ಕಿಲೋಮೀಟರಿಗೂ ಹೆಚ್ಚು, ಕೋಲಾರದಿಂದ ಇನ್ನೂ ದೂರ. ಅಪರಾಧಿಯ ತಾಯಿ ಕೂಲಿ ಬಿಟ್ಟು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಿ ಸ್ವಲ್ಪ ಹೊತ್ತು ಮಾತಾಡಿ ವಾಪಸ್ ಬರಬೇಕು. ಅಮೆರಿಕದ ಕಥೆಗಳಿಂದ ಎತ್ತಿಕೊಂಡು ಬಂದ "ಕೊನೇ ಊಟದ ಮೆನು", ಗಾಜಿನ ಆಚೆ ಕೂತ ಪ್ರೇಕ್ಷಕರು ಇಲ್ಲಿ ಹೊಂದೋದಿಲ್ಲ. ಆ ಬಸ್ ಪ್ರಯಾಣ ಹೊಂದುತ್ತೆ.

ಈಗ ಗಡಿಯಾರಕ್ಕೆ ಬರೋಣ. ಥ್ರಿಲ್ಲರಿಗೆ ಬೇಕಾದ್ದು ಅದೇ ತಾನೆ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಬಿದ್ದುಹೋದ ಮೇಲೂ ಮರುಪರಿಶೀಲನಾ ಅರ್ಜಿ ಇದೆ. 2014ರಿಂದ ಗಲ್ಲಿನ ಪ್ರಕರಣದಲ್ಲಿ ಅದನ್ನು ತೆರೆದ ಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳು ಕೇಳಬೇಕು. ಹೊಸ ಸಂಹಿತೆಯ 472ನೇ ಕಲಂ ಪ್ರಕಾರ, ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ವಜಾ ಆಯ್ತು ಅಂತ ಜೈಲು ಸೂಪರಿಂಟೆಂಡೆಂಟ್ ತಿಳಿಸಿದ 30 ದಿನದೊಳಗೆ ಕ್ಷಮಾದಾನದ ಅರ್ಜಿ ಹಾಕಬೇಕು. ಮೊದಲು ರಾಜ್ಯಪಾಲರಿಗೆ ಹಾಕಿದ್ದರೆ, ಅಲ್ಲಿ ತಿರಸ್ಕಾರ ಆದ 60 ದಿನದೊಳಗೆ ರಾಷ್ಟ್ರಪತಿಗಳಿಗೆ. ರಾಷ್ಟ್ರಪತಿಗಳ ತೀರ್ಮಾನ 48 ಗಂಟೆಯೊಳಗೆ ರಾಜ್ಯದ ಗೃಹ ಇಲಾಖೆಗೂ ಜೈಲಿಗೂ ತಲುಪಬೇಕು. ಆದರೆ ರಾಷ್ಟ್ರಪತಿಗಳು ಇಷ್ಟೇ ದಿನದಲ್ಲಿ ತೀರ್ಮಾನಿಸಬೇಕು ಅಂತ ಇಲ್ಲ. ಇಡೀ ಕಾದಂಬರಿ ಕೂರೋದು ಆ ತೆರೆದ ಜಾಗದಲ್ಲಿ.

ಅರ್ಜಿ ತಿರಸ್ಕಾರ ಆಯ್ತು ಅಂತ ತಿಳಿಸಿದ ಮೇಲೂ ಗಲ್ಲಿಗೆ 14 ದಿನ ಅಂತರ ಇರಲೇಬೇಕು. ಇದು 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಬಂದ ನಿಯಮ. ಅದೇ ತೀರ್ಪಿನಲ್ಲಿ 15 ಜನರ ಗಲ್ಲು ಜೀವಾವಧಿ ಆಯ್ತು. 1993ರ ಪಾಲಾರ್ ಸ್ಫೋಟದಲ್ಲಿ ಶಿಕ್ಷೆಯಾಗಿ ಬೆಳಗಾವಿಯಲ್ಲಿದ್ದ ವೀರಪ್ಪನ್ ಸಹಚರರೂ ಅದರಲ್ಲಿದ್ದರು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯಿದೆ) ಕೋರ್ಟು ಅವರಿಗೆ ಕೊಟ್ಟಿದ್ದು ಜೀವಾವಧಿ. 2004ರಲ್ಲಿ ಅದನ್ನು ಗಲ್ಲಿಗೆ ಏರಿಸಿದ್ದು ಸುಪ್ರೀಂ ಕೋರ್ಟು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತ ಕಾರಣಕ್ಕೆ ಮತ್ತೆ ಜೀವಾವಧಿ ಮಾಡಿದ್ದೂ ಸುಪ್ರೀಂ ಕೋರ್ಟೇ. ಇನ್ನು 2013ರ ಫೆಬ್ರವರಿಯಲ್ಲಿ ಸಂಸತ್ತಿನ ಮೇಲಿನ ದಾಳಿಯ ಅಪರಾಧಿ ಅಫ್ಜಲ್ ಗುರು ಮನೆಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ಕಾಗದ ತಲುಪುವಷ್ಟರಲ್ಲಿ ತಿಹಾರದಲ್ಲಿ ಗಲ್ಲಿಗೇರಿಸಿ ಆಗಿತ್ತು. ಮನೆಯವರಿಗೆ ಮುಂಚೆಯೇ ತಿಳಿಸಬೇಕು, ಭೇಟಿಗೆ ಅವಕಾಶ ಕೊಡಬೇಕು ಅನ್ನೋದೂ 2014ರ ತೀರ್ಪಿನಲ್ಲಿದೆ.

"ಕೊನೇ ಗಳಿಗೆಯಲ್ಲಿ ಕೋರ್ಟು ಬಾಗಿಲು ತೆರೆಯೋದು ಸಿನಿಮಾದಲ್ಲಿ ಮಾತ್ರ" ಅನ್ನುವ ಓದುಗರಿಗೂ ಒಂದು ಮಾತು. 2015ರ ಜುಲೈ 30ರ ನಸುಕಿನಲ್ಲಿ ಮುಂಬೈ ಸ್ಫೋಟದ ಅಪರಾಧಿ ಯಾಕೂಬ್ ಮೆಮನ್ ಅರ್ಜಿಯನ್ನು ಸುಪ್ರೀಂ ಕೋರ್ಟು ಕೇಳಿತು, ವಜಾ ಮಾಡಿತು, ಆ ಬೆಳಗ್ಗೆಯೇ ನಾಗಪುರದಲ್ಲಿ ಗಲ್ಲಾಯ್ತು. ನಿರ್ಭಯಾ ಪ್ರಕರಣದಲ್ಲಿ ಜನವರಿ 22, ಫೆಬ್ರವರಿ 1, ಮಾರ್ಚ್ 3 ಅಂತ ಮೂರು ಸಲ ತಾರೀಕು ನಿಗದಿಯಾಗಿ ಮುಂದೆ ಹೋಯ್ತು, ನಾಲ್ಕನೇ ವಾರಂಟಿನ ಮೇಲೆ 2020ರ ಮಾರ್ಚ್ 20ರಂದು ಶಿಕ್ಷೆ ಜಾರಿಯಾಯ್ತು. ನಾಲ್ವರೂ ಬೇರೆ ಬೇರೆ ಹೊತ್ತಿಗೆ ಅರ್ಜಿ ಹಾಕುತ್ತಾ ಹೋದರು, ಒಂದೇ ಪ್ರಕರಣದವರನ್ನು ಬಿಡಿಬಿಡಿಯಾಗಿ ಗಲ್ಲಿಗೇರಿಸುವ ಹಾಗಿರಲಿಲ್ಲ. ಈಗಿನ 472ನೇ ಕಲಂ ಆ ದಾರಿ ಮುಚ್ಚೋಕೆ, ಒಂದೇ ಪ್ರಕರಣದ ಎಲ್ಲರ ಅರ್ಜಿಯೂ ಒಟ್ಟಿಗೆ ತೀರ್ಮಾನ ಆಗಬೇಕು ಅನ್ನುತ್ತೆ. 2026ರಲ್ಲಿ ನಡೆಯುವ ಕಥೆಗೆ 2020ರ ತಂತ್ರ ಹಾಕಿದರೆ ಅದು ಲೇಖಕನ ತಪ್ಪು.

ನಮಗೆ ಕೇಳಿದರೆ, ಹಳ್ಳಿಗಾಡಿನ ಕಥೆ ಬರೆಯುವವರಿಗೆ ಎಲ್ಲಕ್ಕಿಂತ ದೊಡ್ಡ ವಸ್ತು ವಯಸ್ಸು. ಕೃತ್ಯ ನಡೆದ ದಿನ 18 ತುಂಬಿರದಿದ್ದರೆ ಗಲ್ಲು ಕೊಡುವ ಹಾಗೇ ಇಲ್ಲ. ಈ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಎಲ್ಲ ಮುಗಿದ ಮೇಲೂ ಎತ್ತಬಹುದು. ಕಾದಂಬರಿಕಾರರು ತಕ್ಷಣ ಮೂಳೆ ಪರೀಕ್ಷೆಗೆ ಓಡ್ತಾರೆ. ಬಾಲನ್ಯಾಯ ಕಾಯಿದೆಯ 94ನೇ ಕಲಮಿನಲ್ಲಿ ಮೂಳೆ ಪರೀಕ್ಷೆ ಕಟ್ಟಕಡೆಯದು. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ. ಈಗ ನಮ್ಮ ಹಳ್ಳಿ ಶಾಲೆಯ ಹಳೇ ದಾಖಲಾತಿ ರಿಜಿಸ್ಟರ್ ನೆನಪು ಮಾಡ್ಕೊಳ್ಳಿ. ಒಂದು ಪುಟದಲ್ಲಿ ಸಾಲಾಗಿ ಎಷ್ಟು ಮಕ್ಕಳ ಹುಟ್ಟಿದ ದಿನ ಜೂನ್ 1! ಸೇರಿಸೋಕೆ ಬಂದ ಅಪ್ಪನಿಗೆ ತಾರೀಕು ಗೊತ್ತಿರಲ್ಲ, "ಉಗಾದಿ ಆದ್ಮೇಲೆ ಹುಟ್ಟಿದ್ದು ಸಾರ್" ಅಂತಾನೆ, ಮೇಷ್ಟ್ರು ಅಂದಾಜಿಗೆ ಬರೀತಾರೆ. ಆ ಶಾಯಿಯ ಒಂದು ಸಾಲಿನ ಮೇಲೆ ಮುಂದೆ ಒಬ್ಬನ ಪ್ರಾಣ ನಿಲ್ಲಬಹುದು. ಕಲ್ಪನೆ ಅನ್ನಬೇಡಿ. 1994ರ ಪುಣೆ ಕೊಲೆ ಪ್ರಕರಣ ಒಂದರಲ್ಲಿ ಗಲ್ಲಿಗೆ ಗುರಿಯಾಗಿದ್ದವನಿಗೆ ಕೃತ್ಯದ ಹೊತ್ತಿಗೆ 12 ವರ್ಷ ಅಂತ ರಾಜಸ್ಥಾನದ ಶಾಲೆಯ ದಾಖಲೆಯಿಂದ ಗೊತ್ತಾಗಿ, 28 ವರ್ಷ ಜೈಲಿನಲ್ಲಿ ಕಳೆದ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡ್ತು.

"ಗಲ್ಲಿಗೆ ಹಾಕಲಿಲ್ಲ ಅಂದ್ರೆ ಹದಿನಾಲ್ಕು ವರ್ಷಕ್ಕೆ ಹೊರಗೆ ಬರ್ತಾನೆ" ಅನ್ನುವ ಕೋಪ ಕೂಡ ಹಳೇದು. ಹೆಂಡತಿಯನ್ನು ಕೊಂದ ಬೆಂಗಳೂರಿನದೇ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು, ಶಿಕ್ಷೆ ಕಡಿತ ಇಲ್ಲದೆ ಸಾಯುವ ತನಕ ಜೈಲು ಅನ್ನುವ ಮೂರನೇ ದಾರಿ ತೆರೆಯಿತು. ಇವತ್ತಿನ ಕಾದಂಬರಿಗೆ ಈ ಅಂತ್ಯ ಸಹಜ.

ಗಲ್ಲೇ ನ್ಯಾಯ ಅನ್ನುವವರು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ಮರೆಯಬಾರದು. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ಸಾಕ್ಷಿಗಳು ಪ್ರತಿಕೂಲ ಆದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಗಲ್ಲಾ ಜೀವಾವಧಿಯಾ ಅನ್ನುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬಾಳಬೇಕಾದ ಸಾಕ್ಷಿ ಕಟಕಟೆಯಲ್ಲಿ ನಿಂತು "ನಾನೇನೂ ನೋಡಿಲ್ಲ" ಅಂದರೆ ಕೇಸು ಅಲ್ಲಿಗೇ ಸಾಯುತ್ತೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿಯೇ ಇರೋದಿಲ್ಲ, ಅದನ್ನು ಪಾಟಿ ಸವಾಲಿನಲ್ಲಿ ಅವನ ಮಾತಿಗೆ ಎದುರು ಇಡಬಹುದೇ ಹೊರತು ಸಾಕ್ಷ್ಯ ಅಂತ ಹಿಡಿಯೋಕಾಗಲ್ಲ. ಈ ಭಯವನ್ನು ಒಳಗಿನಿಂದ ಬರೆದ ಥ್ರಿಲ್ಲರ್ ನಮಗೆ ಬೇಕು.

ಈಗ ಆ ಮೂರನೇ ದೂರು. ಕಾದಂಬರಿಯ ತುಂಬ ಅಪರಾಧಿಯ ಕೋಣೆ, ಅಪರಾಧಿಯ ಅಮ್ಮ, ಅಪರಾಧಿಯ ವಕೀಲ. ಸತ್ತವರ ಮನೆಯವರು ಮೊದಲ ಅಧ್ಯಾಯದಲ್ಲಿ ಅತ್ತು ಮಾಯ ಆಗ್ತಾರೆ. ಓದುಗರ ಈ ಸಿಟ್ಟು ಪೂರ್ತಿ ನ್ಯಾಯವಾದದ್ದು. ಆದರೆ ಪರಿಹಾರ ಅಂತ ಕೆಲವು ಲೇಖಕರು ಸತ್ತವಳ ತಾಯಿ ಕೈಯಲ್ಲಿ "ಗಲ್ಲೇ ಬೇಕು" ಅಂತ ಮೇಲ್ಮನವಿ ಹಾಕಿಸ್ತಾರೆ. ಕಾನೂನು ಅವಳಿಗೆ ಆ ಹಕ್ಕು ಕೊಟ್ಟಿಲ್ಲ. ಆರೋಪಿ ಖುಲಾಸೆ ಆದರೆ, ಚಿಕ್ಕ ಅಪರಾಧಕ್ಕೆ ಇಳಿಸಿದರೆ, ಪರಿಹಾರದ ಹಣ ಕಡಿಮೆ ಆದರೆ ಅವಳು ಮೇಲ್ಮನವಿ ಹಾಕಬಹುದು. ಶಿಕ್ಷೆ ಹೆಚ್ಚಿಸಿ ಅಂತ ಹೋಗೋದು ಸರ್ಕಾರದ ಕೆಲಸ. 2020ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಸ್ಪಷ್ಟ ಮಾಡಿದೆ. ಅವಳು ಸ್ವಂತ ವಕೀಲರನ್ನು ಇಟ್ಟರೂ ಅವರು ಪಬ್ಲಿಕ್ ಪ್ರಾಸಿಕ್ಯೂಟರ್ ಹೇಳಿದಂತೆ ನಡೆಯಬೇಕು, ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ಅಂದ್ರೆ ಆ ತಾಯಿ ಪ್ರಾಸಿಕ್ಯೂಟರ್ ಕಚೇರಿ ಮುಂದೆ ಕಾಯ್ತಾಳೆ, ಸಮನ್ಸ್ ಬಂದ ಸಾಕ್ಷಿಗಳ ಮನೆಗೆ ಹೋಗಿ "ಬನ್ನಪ್ಪಾ, ಹೆದರಬೇಡಿ" ಅಂತ ಕೈ ಮುಗೀತಾಳೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕ್ತಾಳೆ, ಮುಂದಿನ ಮುದ್ದತು ಯಾವಾಗ ಅಂತ ಚೀಟಿಯಲ್ಲಿ ಬರೆಸಿಕೊಂಡು ಬರ್ತಾಳೆ. ಇವಳನ್ನು ಕೊನೇ ಪುಟದ ತನಕ ಬಿಡದೆ ಹಿಂಬಾಲಿಸುವ ಕಾದಂಬರಿ ನೀವು ಓದಿದ್ದರೆ ಹೆಸರು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಚರ್ಚೆಗೆ ಇಟ್ಟುಕೊಳ್ಳೋಣ.