ನಮ್ಮ ಕೇಬಲ್ಲು, ಪಕ್ಕದ ತಂತಿ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದಿದ್ದೀರಿ, ಕಣ್ಣು ಎಳೆಯುವ ಹೊತ್ತು. ನೇರ ವಿಷಯಕ್ಕೇ ಬರುತ್ತೇನೆ.

ನಾಳೆಯಿಂದ ನೀವು ಮನೆಮನೆಗೆ ಎಳೆಯುವ ನೆಟ್, ಕ್ಯಾಮೆರಾ ಕೇಬಲ್ಲಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇರುವುದಿಲ್ಲ. ಫೈಬರಿನಲ್ಲಿ, ಅಂದರೆ ಗಾಜಿನ ಎಳೆಯಲ್ಲಿ, ಹೋಗುವುದು ಬೆಳಕು. ಕ್ಯಾಟ್ ಸಿಕ್ಸ್ ಅನ್ನುವ ತಾಮ್ರದ ನೆಟ್ ಕೇಬಲ್ಲಿನಲ್ಲೇ ಕ್ಯಾಮೆರಾಗೆ ಪವರ್ ಕಳಿಸಿದರೂ ಅದು 48 ವೋಲ್ಟಿನ ಆಸುಪಾಸು. ಅದಕ್ಕೇ ನಮ್ಮ ಹುಡುಗರಿಗೆ ಭಯ ಕಮ್ಮಿ. ‘ಇದು ಕರೆಂಟ್ ಕೆಲಸ ಅಲ್ಲ ಸಾರ್, ನೆಟ್ ಕೆಲಸ’ ಅನ್ನುತ್ತಾರೆ. ಸರಿ. ಆದರೆ ಆ ನೆಟ್ ಕೇಬಲ್ ಹೋಗುವುದು ಎಲ್ಲಿಂದ? ನಮ್ಮ ತುಮಕೂರಿನ ಕ್ಯಾತ್ಸಂದ್ರದಿಂದ ಬಟವಾಡಿವರೆಗೆ ಒಂದು ಸಲ ತಲೆ ಎತ್ತಿ ನೋಡಿಕೊಂಡು ಬನ್ನಿ. ಎಷ್ಟೋ ಕಡೆ ಮೇಲೆ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಲೈನು, ಅದರ ಕೆಳಗೆ ಮನೆಗಳಿಗೆ ಹೋಗುವ ಎಲ್.ಟಿ. ಲೈನು, ಅದರ ಕೆಳಗೆ ನಮ್ಮ ಕಪ್ಪು ಕೇಬಲ್ಲುಗಳ ಗಂಟು. ನಮ್ಮನ್ನು ಕೊಲ್ಲುವುದು ನಮ್ಮ ತಂತಿ ಅಲ್ಲ, ಪಕ್ಕದ ತಂತಿ.

ಈ ತುಂಡನ್ನು ಕೈಗೆ ತಗೊಂಡು ಹಿಂದಿನ ಸಾಲಿನವರೆಗೂ ದಾಟಿಸಿ. ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲ್. ಚಪ್ಪಟೆಯಾಗಿದೆ, ಒಂದು ಅಂಚಿನಲ್ಲಿ ಸ್ವಲ್ಪ ಗಟ್ಟಿ. ಆ ಅಂಚನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸ್ಟೀಲ್ ತಂತಿ ಇದೆ. ಕೇಬಲ್ ಜೋಲದೆ ಬಿಗಿಯಾಗಿ ನಿಲ್ಲಲಿ ಅಂತ ಹಾಕಿರುವುದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಈ ಸ್ಟೀಲಿನಲ್ಲಿ ಚೆನ್ನಾಗಿ ಹರಿಯುತ್ತದೆ. ‘ಫೈಬರ್ ತಾನೇ’ ಅಂತ ಹಲ್ಲಿನಲ್ಲಿ ಕಚ್ಚಿಕೊಂಡು ಕಂಬ ಹತ್ತುವವರನ್ನು ನೋಡಿದ್ದೇನೆ. ಅದರ ಇನ್ನೊಂದು ತುದಿ ಎಲ್ಲೋ ಸಿಪ್ಪೆ ಹೋದ ಸರ್ವಿಸ್ ವೈರಿಗೆ ಒರಗಿದ್ದರೆ? 230 ವೋಲ್ಟ್ ಸೀದಾ ಬಾಯಿಗೆ ಬರುತ್ತದೆ.

ಇನ್ನೊಂದು ಕೆಟ್ಟ ಚಾಳಿ ನಿಮಗೆ ಗೊತ್ತಿರುವುದೇ. ರಸ್ತೆಯ ಈ ಕಡೆಯ ಟೆರೇಸಿನಿಂದ ಆ ಕಡೆಯ ಟೆರೇಸಿಗೆ ಕೇಬಲ್ ದಾಟಿಸಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಬೀಸಿ ಎಸೆಯುವುದು. ಮಧ್ಯೆ ಲೈನ್ ಇದ್ದರೆ ಅದರ ಮೇಲಿಂದಲೇ ಎಸೆಯುವುದು! ಹಗ್ಗ ದಾಟುತ್ತದೆ, ಅದರ ಹಿಂದೆ ಕೇಬಲ್ ಹೋಗುತ್ತದೆ, ನಡುವೆ ಜೋತು ಲೈನಿನ ಮೇಲೆ ಬೀಳುತ್ತದೆ. ತುದಿ ನಿಮ್ಮ ಕೈಯಲ್ಲೇ ಇರುತ್ತದೆ. 11 ಕೆವಿ ಮುಂದೆ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಲೆಕ್ಕಕ್ಕೇ ಇಲ್ಲ. ಮಧ್ಯೆ ಲೈನ್ ಇದ್ದರೆ ಆ ದಾರಿ ಬಿಡಿ. ಸುತ್ತಿ ಹೋಗಿ, ಐವತ್ತು ಮೀಟರ್ ಕೇಬಲ್ ಜಾಸ್ತಿ ಆದರೆ ಆಗಲಿ.

ತೀರಾ ಕೆಳಗೂ ಬಿಡಬೇಡಿ. ಎಲ್.ಟಿ. ಲೈನು ರಸ್ತೆ ದಾಟುವಾಗ ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರ ಇರಬೇಕು ಅಂತ ನಿಯಮವಿದೆ. ನಮ್ಮ ಕೇಬಲ್ ಅದಕ್ಕಿಂತ ಕೆಳಗೆ ಜೋತಾಡುತ್ತಿರುತ್ತದೆ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ತುಂಬಿಸಿಕೊಂಡು ಬರುವ ಲಾರಿಗೋ, ಹುಲ್ಲು ಹೇರಿದ ಟ್ರ್ಯಾಕ್ಟರಿಗೋ ಸಿಕ್ಕಿಕೊಂಡರೆ ಕಿತ್ತುಕೊಂಡು ಹೋಗುತ್ತದೆ. ಕಿತ್ತ ತುದಿ ಚಾಟಿ ಹಾಗೆ ಮೇಲೆದ್ದು ಲೈನಿಗೆ ಬಡಿಯಬಹುದು. ಗುಬ್ಬಿ, ತಿಪಟೂರು ಕಡೆಯವರು ತೆಂಗಿನ ಮರಕ್ಕೇ ಕೇಬಲ್ ಕಟ್ಟಿಬಿಡುತ್ತೀರಿ. ಗಾಳಿಗೆ ಮರ ತೂಗುತ್ತದೆ, ಗರಿ ಬೀಳುತ್ತದೆ. ಮರ ಕಂಬ ಅಲ್ಲಪ್ಪಾ.

ಈಗ ‘ಕರೆಂಟ್ ಹೋಗಿದೆ, ಹತ್ತು’ ಅನ್ನುವ ಮಾತು. ಕರೆಂಟ್ ಹೋಗಿದೆ ಅಂತ ಯಾರು ಹೇಳಿದರು? ಬೀದಿ ದೀಪ ಉರಿಯುತ್ತಿಲ್ಲ ಅಂತಲಾ? ಲೋಡ್ ಶೆಡ್ಡಿಂಗ್ ಆಗಿದ್ದರೆ ಯಾವ ಗಳಿಗೆಯಲ್ಲಾದರೂ ವಾಪಸ್ ಬರುತ್ತದೆ. ಪಕ್ಕದ ಅಂಗಡಿಯವರ ಜನರೇಟರಿಗೆ ಚೇಂಜ್‌ಓವರ್, ಅಂದರೆ ಲೈನ್ ಬಿಡಿಸಿ ಜನರೇಟರಿಗೆ ಬದಲಿಸುವ ಸ್ವಿಚ್, ಸರಿಯಾಗಿಲ್ಲದಿದ್ದರೆ ಅವರ ಕರೆಂಟ್ ಉಲ್ಟಾ ಲೈನಿಗೆ ಬರುತ್ತದೆ. ಬೆಸ್ಕಾಂ ಲೈನ್‌ಮ್ಯಾನ್‌ಗಳು ಕಂಬ ಹತ್ತುವ ಮುಂಚೆ ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಅನುಮತಿ, ತಗೊಳ್ಳುತ್ತಾರೆ, ಲೈನಿಗೆ ಅರ್ಥ್ ಹಾಕುತ್ತಾರೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರೇ ಹಾಗೆ ಮಾಡುವಾಗ ನಾವು ಸುಮ್ನೆ ಹತ್ತುವುದು ಯಾವ ಧೈರ್ಯದ ಮೇಲೆ? ಅನುಮತಿ ಇಲ್ಲದೆ ಕಂಬ ಮುಟ್ಟಬೇಡಿ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇರುವ ಕಂಬವನ್ನಂತೂ ಮುಟ್ಟಲೇಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ದೂರದಲ್ಲಿ ಗುಡುಗು ಕೇಳಿಸಿದರೂ ಸಾಕು, ಇಳಿದುಬಿಡಿ.

ಬೀಳುವುದರ ಬಗ್ಗೆ ಬೈದು ಬೈದು ಸಾಕಾಗಿದೆ. ಒಂದೇ ಮಾತು: ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ. ಹಳೇ ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಒಡೆದು ಸೀದಾ ಒಳಗೆ ಬೀಳುತ್ತೀರಿ. ಏಣಿಯ ಬುಡ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ಆಚೆ ಇರಲಿ. ಲೈನ್ ಹತ್ತಿರ ಅಲ್ಯೂಮಿನಿಯಂ ಏಣಿ ಬೇಡ. ಕ್ಯಾಮೆರಾದ 48 ವೋಲ್ಟು ಜೀವ ತೆಗೆಯಲ್ಲ ಅಂದೆನಲ್ಲ, ಏಣಿಯ ಮೇಲೆ ನಿಂತಾಗ ಬೆಚ್ಚಿ ಕೈ ಬಿಡುವುದಕ್ಕೆ ಅದೂ ಸಾಕು.

ಗಾಜಿನ ವಿಷಯ ಯಾರೂ ಹೇಳಿಕೊಡುವುದಿಲ್ಲ. ಸಿಪ್ಪೆ ತೆಗೆದ ಫೈಬರ್ 125 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಕತ್ತರಿಸಿದ ಚೂರು ನೆಲಕ್ಕೆ ಬಿದ್ದರೆ ಕಾಣುವುದೇ ಇಲ್ಲ. ಗ್ರಾಹಕರ ಮನೆಯ ಊಟದ ಟೇಬಲ್ಲಿನ ಮೇಲೆ ಸ್ಪ್ಲೈಸಿಂಗ್, ಅಂದರೆ ಫೈಬರ್ ಜೋಡಿಸುವ ಕೆಲಸ, ಮಾಡಿ, ಚೂರು ಹಾಗೇ ಒರೆಸಿ ಬಿಟ್ಟು ಬಂದರೆ ಆ ಮನೆಯ ಅಂಬೆಗಾಲಿಡುವ ಮಗುವಿನ ಅಂಗೈಗೆ ಹೋಗುತ್ತದೆ. ಮುಚ್ಚಳ ಇರುವ ಒಂದು ಡಬ್ಬಿ ಜೊತೆಗಿರಲಿ. ಚೂರನ್ನು ಟೇಪಿಗೆ ಅಂಟಿಸಿ ಅದರಲ್ಲಿ ಹಾಕಿ. ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ಊಟಕ್ಕೂ ಕೂರಬೇಡಿ. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ‘ಲೈಟ್ ಬರ್ತಿದೆಯಾ’ ಅಂತ ನೋಡುವವರಿಗೆ ಏನು ಹೇಳಲಿ? ಫೈಬರಿನಲ್ಲಿ ಬರುವ 1490 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ರೆಪ್ಪೆಯೂ ಮುಚ್ಚುವುದಿಲ್ಲ. ಬೆಳಕು ಅಳೆಯುವ ಪವರ್ ಮೀಟರ್ ಇರುವುದು ಅದಕ್ಕೇ.

ಮಾಲೀಕರು ಯಾರಾದರೂ ಕೂತಿದ್ದರೆ ನಿಮಗೊಂದು ಮಾತು. ಕನೆಕ್ಷನ್ ಲೆಕ್ಕದಲ್ಲಿ ಕೂಲಿ ಕೊಡುತ್ತೀರಿ. ಬೀಳದ ಹಾಗೆ ಸೇಫ್ಟಿ ಬೆಲ್ಟ್ ಹಾಕಿಕೊಳ್ಳುವ ಐದು ನಿಮಿಷ ಹುಡುಗನ ಜೇಬಿನಿಂದ ಹೋಗುತ್ತದೆ. ಆಮೇಲೆ ‘ಬೆಲ್ಟ್ ಕೊಟ್ಟಿದ್ದೆ, ಅವನೇ ಹಾಕಲಿಲ್ಲ’ ಅಂದರೆ ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಜೊತೆಯವನಿಗೆ ಶಾಕ್ ಹೊಡೆದರೆ, ಕೈ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ. ಇದು ಮನೆ ಕರೆಂಟಿಗೆ ಮಾತ್ರ. 11 ಕೆವಿ ಆದರೆ ಹತ್ತಿರವೇ ಹೋಗಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. 108ಕ್ಕೂ ಹೇಳಿ. ಬಿಡಿಸಿದ ಮೇಲೆ ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಒಳಗೆ ಹೋಗುವ ಹಾಗೆ. ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಬಾರದು.

ಅದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ. ಹೊರಗೆ ಜಮಖಾನ ಹಾಸಿದ್ದೇವೆ, ಬೊಂಬೆ ಇದೆ. ಮುಂದಿನ ಸಾಲಿನವರು ಮೊದಲು ಬನ್ನಿ. ಉಳಿದವರು ಅಷ್ಟರಲ್ಲಿ ಬೆಲ್ಟ್ ಹಾಕಿಕೊಂಡು ನೋಡಿ.