ಸದ್ದು ಮಾಲೀಕನ ಕಿವಿಗೆ, ಕಾರಣ ಕಂಪನಿಯ ಕಡತದಲ್ಲಿ

ಕೇಳುಗರಿಗೆ ನಮಸ್ಕಾರ.

ಹೊಸ ಕಾರು ಮನೆಗೆ ಬರುವ ದಿನ ನಮ್ಮಲ್ಲೊಂದು ಶಾಸ್ತ್ರವಿದೆ. ಗುಡಿಯ ಮುಂದೆ ನಿಲ್ಲಿಸಿ, ಕುಂಕುಮ ಹಚ್ಚಿ, ಬಾನೆಟ್ಟಿಗೆ ಹಾರ ಹಾಕಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಕಾರು ಹತ್ತಿಸುತ್ತೇವೆ. ಹಣ್ಣು ಚಟ್ಟೆಂದು ಒಡೆದರೆ ದೃಷ್ಟಿ ಕಳೆಯಿತು. ಅಮೆರಿಕದಲ್ಲಿ ಕೆಟ್ಟ ಕಾರಿಗೇ ನಿಂಬೆಹಣ್ಣು ಅನ್ನುತ್ತಾರೆ, ಲೆಮನ್ ಅಂತ. ನಾಲ್ಕು ಸಲ ರಿಪೇರಿಗೆ ಹೋಗಿ ನಾಲ್ಕು ಸಲವೂ ಅದೇ ರೋಗ ಹೊತ್ತು ಮನೆಗೆ ಬರುವ ಕಾರು ಅದು. ಅಂಥ ಕಾರು ಕೊಂಡವರಿಗಾಗಿ 1982ರಲ್ಲಿ ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತು, ಅದಕ್ಕೆ ಲೆಮನ್ ಲಾ ಅಂತಲೇ ಹೆಸರು ಬಿತ್ತು. ಆಮೇಲೆ ಉಳಿದ ರಾಜ್ಯಗಳೂ ಮಾಡಿಕೊಂಡವು. ನಮ್ಮಲ್ಲಿ ಆ ಹೆಸರಿನ ಕಾನೂನಿಲ್ಲ, ಚಕ್ರದಡಿಯ ಹಣ್ಣು ಮಾತ್ರ ಇದೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ನನ್ನದೇ ಕಾರಿನಿಂದ. ಕಂಪನಿ ಯಾವುದು, ಸರ್ವೀಸ್ ಸೆಂಟರ್ ಯಾವುದು ಅಂತ ಹೇಳುವುದಿಲ್ಲ, ಬಿಡಿ. ಘಾಟಿ ಹತ್ತುವಾಗ ಎಂಜಿನ್ನಿನ ಒಳಗಿಂದ ಟಕಟಕ ಅಂತ ಒಂದು ಸದ್ದು. ಹೆಂಡತಿಗೂ ಕೇಳುತ್ತಿತ್ತು, ಹಿಂದೆ ಕೂತ ಮಗನಿಗೂ ಕೇಳುತ್ತಿತ್ತು. ಸರ್ವೀಸ್ ಸೆಂಟರಿನ ಅಂಗಳಕ್ಕೆ ಹೋದ ತಕ್ಷಣ ಮಾಯ. ದಂತವೈದ್ಯರ ಬಾಗಿಲಲ್ಲಿ ಹಲ್ಲುನೋವು ನಿಲ್ಲುತ್ತದಲ್ಲ, ಹಾಗೆ. ಮೂರು ಸಲ ಹೋದೆ. ಮೂರು ಸಲವೂ ಕಾರು ತೊಳೆದು, ಒರೆಸಿ, ಒಂದು ಕಾಗದ ಕೈಗೆ ಕೊಟ್ಟರು. "ಪರೀಕ್ಷಿಸಲಾಗಿದೆ, ಸಮಸ್ಯೆ ಕಂಡುಬಂದಿಲ್ಲ."

ಕಾರು ಮಾಲೀಕರಿಗೂ ತಯಾರಕರಿಗೂ ನಡೆಯುವ ವ್ಯಾಜ್ಯಗಳ ಬೇರು ಈ ಒಂದು ಸಾಲಿನಲ್ಲಿದೆ. ಸದ್ದು ಕೇಳುವುದು ಮಾಲೀಕನಿಗೆ. ಸದ್ದಿನ ಕಾರಣ ಗೊತ್ತಿರುವುದು, ಗೊತ್ತಿದ್ದರೆ, ಕಂಪನಿಗೆ. ನ್ಯಾಯಾಲಯ ಕೇಳುವುದು ಕಾರಣವನ್ನು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಥೀಟಾ-2 ಅನ್ನುವ ಪೆಟ್ರೋಲ್ ಎಂಜಿನ್ನಿನ ಕಥೆ. 2 ಲೀಟರ್ ಮತ್ತು 2.4 ಲೀಟರ್ ಎಂಜಿನ್ನುಗಳು, ಸೊನಾಟಾದಂಥ ಕಾರುಗಳಲ್ಲಿ ಬಂದವು. ಹೆದ್ದಾರಿಯಲ್ಲಿ ಓಡುತ್ತಿದ್ದಾಗ ಮೊದಲು ಟಕಟಕ ಸದ್ದು, ಆಮೇಲೆ ಎಂಜಿನ್ ಜಾಮ್. ಕೆಲವು ಕಾರುಗಳಿಗೆ ಬೆಂಕಿಯೂ ಹತ್ತಿತು.

ಒಳಗೆ ಆಗುತ್ತಿದ್ದದ್ದೇನು? ಹಳ್ಳಿಯಲ್ಲಿ ಬೆಳೆದವರಿಗೆ ಎತ್ತಿನ ಗಾಡಿಯ ಅಚ್ಚು, ಅದಕ್ಕೆ ಹಾಕುವ ಕೀಲೆಣ್ಣೆ ನೆನಪಿರಬೇಕು. ಎಣ್ಣೆ ಒಣಗಿದರೆ ಚಕ್ರ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಅಂತ ಒಂದು ಅಚ್ಚಿದೆ. ಪಿಸ್ಟನ್ನಿನ ತೋಳು, ಅಂದರೆ ಕನೆಕ್ಟಿಂಗ್ ರಾಡ್, ಅದನ್ನು ಹಿಡಿದು ತಿರುಗಿಸುತ್ತದೆ. ಅವೆರಡರ ನಡುವೆ ತೆಳ್ಳನೆಯ ಬೇರಿಂಗ್, ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಎಣ್ಣೆಯ ದಾರಿ ಕೊರೆದಾಗ ಉದುರಿದ ಲೋಹದ ಚೂರುಗಳನ್ನು ಪೂರ್ತಿ ತೊಳೆದು ತೆಗೆದಿರಲಿಲ್ಲ ಎಂದು 2015ರಲ್ಲಿ ಹ್ಯುಂಡೈ ಹೇಳಿತು. ಆ ಚೂರು ಎಣ್ಣೆಯ ದಾರಿಗೆ ಅಡ್ಡ ಕೂತರೆ ಬೇರಿಂಗ್ ಒಣಗುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಕೊನೆಗೆ ತೋಳು ಮುರಿದು ಎಂಜಿನ್ನಿನ ಗೋಡೆಯನ್ನೇ ತೂತು ಮಾಡುತ್ತದೆ. ಕಾದ ಲೋಹದ ಮೇಲೆ ಎಣ್ಣೆ ಚೆಲ್ಲಿದರೆ ಬೆಂಕಿಗೆ ಇನ್ನೇನು ಬೇಕು?

ಆ ವರ್ಷದ ಸೆಪ್ಟೆಂಬರಿನಲ್ಲಿ ಹ್ಯುಂಡೈ ಸುಮಾರು 4 ಲಕ್ಷ 70 ಸಾವಿರ ಸೊನಾಟಾ ಕಾರುಗಳನ್ನು ವಾಪಸು ಕರೆಯಿತು. ಅಂಥದೇ ಎಂಜಿನ್ ಇದ್ದ ಕಿಯಾ ಕಾರುಗಳ ಸುದ್ದಿ ಇಲ್ಲ. ಅತ್ತ ಮಾಲೀಕರ ಗೋಳು ಬೇರೆ. ಎಂಜಿನ್ ಹೋಯಿತು ಅಂತ ಹೋದವರನ್ನು ಆಯಿಲ್ ಬದಲಿಸಿದ ರಸೀತಿ ಎಲ್ಲಿ ಅಂತ ಕೇಳುತ್ತಾರೆ, ರಸೀತಿ ಇಲ್ಲದಿದ್ದರೆ ತಪ್ಪು ಮಾಲೀಕರದೇ ಅನ್ನುತ್ತಾರೆ ಎಂಬುದು ಅಲ್ಲಿನ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಬಂದ ದೂರು.

ಇಲ್ಲಿಗೆ ಒಬ್ಬ ಮನುಷ್ಯ ಬರುತ್ತಾನೆ. ಕಿಮ್ ಗ್ವಾಂಗ್-ಹೋ, ದಕ್ಷಿಣ ಕೊರಿಯಾದವರು, ಹ್ಯುಂಡೈಯಲ್ಲೇ 25 ವರ್ಷಕ್ಕೂ ಹೆಚ್ಚು ದುಡಿದ ಎಂಜಿನಿಯರ್. ದೋಷ ಎಷ್ಟಿದೆಯೋ ಅಷ್ಟು ಕಾರುಗಳನ್ನು ಕಂಪನಿ ವಾಪಸು ಕರೆಯುತ್ತಿಲ್ಲ ಅನ್ನಿಸಿ, 2016ರಲ್ಲಿ ಒಳಗಿನ ಕಾಗದಗಳನ್ನು ಹಿಡಿದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗೆ ಹೋದರು. ಗುಟ್ಟು ಹೊರಹಾಕಿದರು ಅಂತ ಕಂಪನಿ ಕೆಲಸದಿಂದ ತೆಗೆಯಿತು. 2017ರಲ್ಲಿ ಎರಡೂ ಕಂಪನಿಗಳು ಸೇರಿ ಮತ್ತೆ ಸುಮಾರು 12 ಲಕ್ಷ ವಾಹನ ಕರೆಸಿದವು, ಈ ಸಲ ಕಿಯಾ ಕೂಡ. 2020ರ ನವೆಂಬರಿನಲ್ಲಿ ಇಲಾಖೆ ತನ್ನ ತೀರ್ಮಾನ ಹೇಳಿತು: ಕರೆಸಿಕೊಳ್ಳುವುದರಲ್ಲಿ ತಡ ಮಾಡಿದ್ದೀರಿ, ಕೊಟ್ಟ ಮಾಹಿತಿಯಲ್ಲೂ ತಪ್ಪಿದೆ. ಹ್ಯುಂಡೈಗೆ 14 ಕೋಟಿ ಡಾಲರ್, ಕಿಯಾಗೆ 7 ಕೋಟಿ ಡಾಲರ್ ದಂಡ. ಅದರಲ್ಲಿ ನಗದಾಗಿ ಕಟ್ಟಬೇಕಾದ್ದು ಎರಡೂ ಸೇರಿ 8 ಕೋಟಿ 10 ಲಕ್ಷ ಡಾಲರ್. ಒಳಗಿನ ಸತ್ಯ ಹೇಳಿದವರಿಗೆ ವಸೂಲಾದ ದಂಡದ ನೂರಕ್ಕೆ 30ರವರೆಗೆ ಕೊಡಬಹುದು ಅಂತ 2015ರಲ್ಲಿ ಅಲ್ಲೊಂದು ಕಾನೂನು ಬಂದಿತ್ತು. ಆ ಲೆಕ್ಕದಲ್ಲಿ 2021ರಲ್ಲಿ ಕಿಮ್ ಅವರಿಗೆ 2 ಕೋಟಿ 40 ಲಕ್ಷ ಡಾಲರಿಗೂ ಮಿಕ್ಕಿ ಸಂದಿತು. ಆ ಇಲಾಖೆ ಅಂಥ ಬಹುಮಾನ ಕೊಟ್ಟದ್ದು ಅದೇ ಮೊದಲು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಕಲಮು ಇಲ್ಲ.

ಮಾಲೀಕರ ಮೊಕದ್ದಮೆಗಳು ಕ್ಯಾಲಿಫೋರ್ನಿಯಾದ ಒಂದು ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿ ರಾಜಿಯಾದವು. ಸುಮಾರು 40 ಲಕ್ಷ ವಾಹನಗಳ ರಾಜಿ. ಆ ಬೇರಿಂಗಿನಿಂದ ಎಂಜಿನ್ ಕೆಟ್ಟರೆ ಜೀವಮಾನದ ವಾರಂಟಿ. ರಿಪೇರಿಗೆ, ಎಳೆದು ತಂದದ್ದಕ್ಕೆ, ಬಾಡಿಗೆ ಕಾರಿಗೆ ಕೊಟ್ಟ ದುಡ್ಡು ವಾಪಸು. ಜೊತೆಗೊಂದು ಷರತ್ತು: ಕಾರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಕು. ಆ ಸಾಫ್ಟ್‌ವೇರಿನ ಕೆಲಸ ಕೇಳಿದರೆ ನಗು ಬರುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಸಂವೇದಕದ ಮೂಲಕ ಅದು ಬೇರಿಂಗ್ ಸವೆಯುವ ಸದ್ದಿಗೆ ಕಿವಿಗೊಟ್ಟಿರುತ್ತದೆ. ಕೇಳಿಸಿದ ಕೂಡಲೇ ದೀಪ ಹೊತ್ತಿಸಿ ವೇಗ ತಗ್ಗಿಸುತ್ತದೆ. ಜನ ವರ್ಷಗಟ್ಟಲೆ "ಸದ್ದು ಬರ್ತಿದೆ ಸ್ವಾಮಿ" ಅಂತ ಹೇಳಿದ್ದನ್ನು ಕೇಳಲು ಕೊನೆಗೆ ಕಾರಿಗೇ ಕಿವಿ ಇಟ್ಟರು.

ಈಗ ನಮ್ಮಲ್ಲಿಗೆ ಬರೋಣ. ನಮ್ಮ ಮಾಲೀಕ ಸಾಮಾನ್ಯವಾಗಿ ಒಬ್ಬನೇ ಹೋಗುತ್ತಾನೆ. ಹಲವರು ಕೂಡಿ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ಇದೆ, ಆದರೆ ಆ ದಾರಿಯಲ್ಲಿ ಹುಲ್ಲು ಬೆಳೆದಿದೆ. ಒಬ್ಬನೇ ಹೋದವನಿಗೆ ಮೊದಲು ಎದುರಾಗುವುದು 2006ರ ಸುಪ್ರೀಂ ಕೋರ್ಟ್ ತೀರ್ಪು. ಮಾರುತಿ ಕಾರಿನ ಒಂದು ಪ್ರಕರಣ, ಜಗಳ ಕ್ಲಚ್ಚಿನದು. ಭಾಗ ಕೆಟ್ಟಿದ್ದರೆ ಆ ಭಾಗ ಬದಲಿಸಿ ಕೊಟ್ಟರೆ ಸಾಕು, ವಾರಂಟಿ ಹೇಳುವುದೂ ಅಷ್ಟೇ, ಇಡೀ ಕಾರನ್ನೇ ಬದಲಿಸಿ ಅನ್ನಲಾಗದು ಎಂದಿತು ಕೋರ್ಟು. ಕಂಪನಿ ವಕೀಲರ ಚೀಲದಲ್ಲಿ ಈ ತೀರ್ಪಿನ ಪ್ರತಿ ಯಾವಾಗಲೂ ಇರುತ್ತದೆ. ತಪ್ಪೇನೂ ಅಲ್ಲ, ಒಂದು ವೈಪರ್ ಕೆಟ್ಟರೆ ಹೊಸ ಕಾರು ಕೇಳುವುದು ನ್ಯಾಯವಲ್ಲ. ಆದರೆ ಭಾಗ ಬದಲಿಸಿದ ಮೇಲೂ ರೋಗ ಹೋಗದಿದ್ದರೆ?

ಅದಕ್ಕೆ ಉತ್ತರ ಸಿಗುವುದು 2010ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿದ ಫಿಯಟ್ ಕಾರಿನ ಪ್ರಕರಣದಲ್ಲಿ. ಕಂಪನಿ ಆ ಕಾರಿನ ಎಂಜಿನ್ನನ್ನೇ ಬದಲಿಸಿತ್ತು. ಕೋರ್ಟ್ ಹೇಳಿದ್ದು ಇಷ್ಟು: ಹೊಸ ಎಂಜಿನ್ ಹಾಕಿದ ಕಾರನ್ನು ಸ್ವತಂತ್ರ ತಾಂತ್ರಿಕ ತಜ್ಞರು ನೋಡಲಿ. ದೋಷವಿಲ್ಲ ಅಂದರೆ ಮಾಲೀಕರು ಕಾರು ತೆಗೆದುಕೊಳ್ಳಲಿ. ತಯಾರಿಕೆಯಲ್ಲೇ ದೋಷವಿದೆ ಅಂದರೆ ಕಾರಿನ ಬೆಲೆ, ಕಟ್ಟಿದ ಆಜೀವ ತೆರಿಗೆ ಎಲ್ಲವನ್ನೂ ಶೇಕಡಾ 12 ಬಡ್ಡಿಯೊಡನೆ ವಾಪಸು ಕೊಡಿ. ಇಡೀ ವ್ಯಾಜ್ಯ ಹೋಗಿ ನಿಂತದ್ದು ಒಬ್ಬ ತಜ್ಞರ ಅಭಿಪ್ರಾಯದ ಮೇಲೆ.

ಗ್ರಾಹಕ ಆಯೋಗಗಳಲ್ಲಿ ಕಾರಿನ ದೂರುಗಳು ಎಡವುವುದು ಬಹುಪಾಲು ಈ ಹೊಸ್ತಿಲಲ್ಲೇ. ಮಾಲೀಕ ಹತ್ತು ಪುಟ ಸಂಕಟ ಬರೆದಿರುತ್ತಾನೆ, ತಜ್ಞರ ವರದಿ ಒಂದು ಪುಟವೂ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಪರೀಕ್ಷೆ ಮಾಡದೆ ದೋಷ ತಿಳಿಯದು ಅನ್ನುವಂತಿದ್ದರೆ ಆಯೋಗವೇ ಮಾದರಿ ತೆಗೆದು, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳಿಸಿ, 45 ದಿನದಲ್ಲಿ ವರದಿ ತರಿಸಬಹುದು. ಈ ಮಾತುಗಳನ್ನು ಬರೆದವರ ಕಣ್ಣಮುಂದೆ ಕಲಬೆರಕೆ ಎಣ್ಣೆಯ ಬಾಟಲಿ ಇತ್ತೇ ಹೊರತು ಕಾರು ಇರಲಿಲ್ಲ ಅಂತ ನನ್ನ ಗುಮಾನಿ. ಎಂಜಿನ್ನನ್ನು ಬಾಟಲಿಯಲ್ಲಿ ತುಂಬಿ ಅರಗು ಹಾಕಲು ಬರುತ್ತದೆಯೇ? ಆದರೂ ಕೇಳಬೇಕು. ಲಿಖಿತವಾಗಿ ಅರ್ಜಿ ಹಾಕಿ, ತಜ್ಞರನ್ನು ನೇಮಿಸಿ ಅಂತ ಕೇಳಬೇಕು.

ತಜ್ಞರಿಲ್ಲದೆಯೂ ಗೆದ್ದವರಿಲ್ಲವೇ? ಇದ್ದಾರೆ, ಆದರೆ ದೋಷ ತಾನೇ ಬಾಯಿಬಿಟ್ಟು ಹೇಳುವಂತಿರಬೇಕು. 2022ರಲ್ಲಿ ತೀರ್ಮಾನವಾದ ಹ್ಯುಂಡೈ ಕ್ರೆಟಾ ಪ್ರಕರಣ ಅಂಥದು. ಅಪಘಾತವಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಡಿಕ್ಕಿಯ ಬಲ ಅಷ್ಟಿರಲಿಲ್ಲ ಅಂತ ಕಂಪನಿಯ ವಾದ. ಡಿಕ್ಕಿಯ ಬಲವನ್ನು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ ಉತ್ತರಿಸಿ, ಕಾರು ಬದಲಿಸಿ, ಒಟ್ಟು 3 ಲಕ್ಷ ಪರಿಹಾರ ಕೊಡಿ ಎಂಬ ಆದೇಶವನ್ನು ಎತ್ತಿಹಿಡಿಯಿತು. ಏರ್‌ಬ್ಯಾಗ್ ಬಿಚ್ಚಿತೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಎಂಜಿನ್ನಿನ ಒಳಗಿನ ಟಕಟಕ ಹಾಗಲ್ಲ, ಅದಕ್ಕೆ ಸಾಕ್ಷಿ ಬೇಕು.

ದುಡ್ಡಿದ್ದವರಿಗಾದರೂ ಬೇಗ ನ್ಯಾಯ ಸಿಗುತ್ತದೆಯೇ ಅಂದರೆ, ಪಕ್ಕದ ತೆಲಂಗಾಣದ ಒಂದು ಬಿಎಂಡಬ್ಲ್ಯು 7 ಸೀರೀಸ್ ಕಾರಿನ ಕಥೆ ಕೇಳಿ. ಕಾರು ಬಂದದ್ದು 2009ರ ಸೆಪ್ಟೆಂಬರ್ 25ಕ್ಕೆ. ನಾಲ್ಕೇ ದಿನಕ್ಕೆ ಕೆಟ್ಟು ವರ್ಕ್‌ಶಾಪ್ ಸೇರಿತು. ನವೆಂಬರಿನಲ್ಲಿ ಮತ್ತೆ ಕೆಟ್ಟಿತು. ಕೊಂಡ ಸಂಸ್ಥೆ ಗ್ರಾಹಕ ಆಯೋಗಕ್ಕೆ ಹೋಗದೆ ಪೊಲೀಸರಲ್ಲಿ ವಂಚನೆಯ ದೂರು ದಾಖಲಿಸಿತು. 2012ರಲ್ಲಿ ಹೈಕೋರ್ಟು ಆ ಮೊಕದ್ದಮೆ ರದ್ದು ಮಾಡಿ, ಹೊಸ ಕಾರು ಕೊಡಿ ಅಂದಿತು. ಕಂಪನಿ ಕೊಡುತ್ತೇನೆ ಅಂದಿತು. ಕೊಂಡವರು ಕಾರು ಬೇಡ, ಬಡ್ಡಿ ಸಮೇತ ದುಡ್ಡು ಬೇಕು ಅಂದರು. ಅಲ್ಲಿಂದ ಸುಪ್ರೀಂ ಕೋರ್ಟಿನಲ್ಲಿ ಕೂತ ಗಂಟು ಬಿಚ್ಚಿದ್ದು 2024ರ ಜುಲೈನಲ್ಲಿ, ಎಲ್ಲಕ್ಕೂ ಸೇರಿ 50 ಲಕ್ಷ ರೂಪಾಯಿ ಎಂಬ ಆದೇಶದೊಂದಿಗೆ. ನಾಲ್ಕು ದಿನ ನೆಟ್ಟಗಿದ್ದ ಕಾರಿಗೆ ಹದಿನೈದು ವರ್ಷದ ವ್ಯಾಜ್ಯ.

ಇನ್ನು ಟ್ಯಾಕ್ಸಿ ಓಡಿಸುವವರ ಪಾಡು. "ನೀವು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರೇ ಅಲ್ಲ" ಅಂತ ಎದುರು ಪಕ್ಷ ಬಾಗಿಲಲ್ಲೇ ತಡೆಯುತ್ತದೆ. ಹೆದರಬೇಕಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೇ ಕೊಂಡದ್ದಾದರೆ ಅವನು ಗ್ರಾಹಕನೇ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಹತ್ತು ಕಾರು ಇಟ್ಟು ಡ್ರೈವರುಗಳಿಂದ ಓಡಿಸುವವರ ಮಾತು ಬೇರೆ.

ದೂರು ಕೊಡಲು ಕಾರು ಕೊಂಡ ಊರಿಗೇ ಹೋಗಬೇಕೆಂಬ ಕಟ್ಟಳೆಯೂ ಈಗಿಲ್ಲ. ಹೈದರಾಬಾದಿನಲ್ಲಿ ಕೊಂಡ ಕಾರಿಗೆ ಕಲಬುರಗಿಯವರು ಕಲಬುರಗಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಕಾಲದ ಮಿತಿ ಮಾತ್ರ ಎರಡು ವರ್ಷ, ಅಲ್ಲೇ ಇರುವುದು ಅಪಾಯ. "ಮುಂದಿನ ಸರ್ವೀಸಿನಲ್ಲಿ ನೋಡೋಣ ಸಾರ್" ಅನ್ನುವ ಮಾತನ್ನು ನಾಲ್ಕು ಸಲ ನಂಬಿದರೆ ಎರಡು ವರ್ಷ ಕಳೆದೇಹೋಗುತ್ತದೆ. ಜಾಬ್ ಕಾರ್ಡ್ ಅಂತ ಕೊಡುತ್ತಾರಲ್ಲ, ಕಾರು ಒಳಗೆ ಬಿಡುವಾಗ, ಅದರ ಮೇಲೆ ತಾರೀಖು, ಓಡಿದ ಕಿಲೋಮೀಟರ್, ಗ್ರಾಹಕರು ಹೇಳಿದ ತೊಂದರೆ ಇರುತ್ತದೆ. ರೋಗ ಮರುಕಳಿಸಿದೆ ಅಂತ ತೋರಿಸಲು ನಮ್ಮ ಕೈಯಲ್ಲಿರುವ ಕಾಗದ ಅದೊಂದೇ. ಬಹಳ ಜನ ಅದನ್ನು ಕಾರು ವಾಪಸು ಪಡೆಯುವಾಗ ಅಲ್ಲೇ ಕೊಟ್ಟು ಬರುತ್ತಾರೆ.

ನಾನೂ ಮೊದಲ ಮೂರು ಸಲ ಹಾಗೇ ಮಾಡಿದ್ದೆ. ನಾಲ್ಕನೇ ಸಲ, "ಘಾಟಿ ಹತ್ತುವಾಗ, ಮೂರನೇ ಗೇರಿನಲ್ಲಿ, ಎಂಜಿನ್ ಬಿಸಿಯಾದ ಮೇಲೆ ಟಕಟಕ ಸದ್ದು, ಇದು ನಾಲ್ಕನೇ ಭೇಟಿ" ಅಂತ ಬರೆಯಿರಿ ಅಂದೆ. ಕೌಂಟರಿನ ಹುಡುಗ ಮುಖ ನೋಡಿದ. "ಇಷ್ಟೆಲ್ಲ ಬರೆಯೋಕೆ ಕಾಲಂ ಇಲ್ಲ ಸಾರ್." ಹಾಗಾದರೆ ಹಿಂದುಗಡೆ ಬರಿ ಮಾರಾಯ ಅಂದೆ. ಬರೆದ, ಸಹಿ ಮಾಡಿದ. ಒಬ್ಬ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ನಾನೇ ಏರುದಾರಿಗೆ ಕರೆದೊಯ್ದೆ, ಆ ದಿನ ಸದ್ದಿಗೂ ಪುಣ್ಯಕ್ಕೆ ಮನಸ್ಸು ಬಂತು. ಎರಡು ದಿನ ಕಾರು ಅಲ್ಲೇ ಉಳಿಯಿತು. ಒಳಗಿನ ಒಂದು ಭಾಗ ಬದಲಾಯಿತು, ವಾರಂಟಿಯಲ್ಲಿ, ಬಿಲ್ಲು ಸೊನ್ನೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಆ ಬಿಲ್ಲಿನ ಷರಾ ಓದಿದೆ. ದೋಷ ಅನ್ನುವ ಶಬ್ದ ಎಲ್ಲೂ ಇರಲಿಲ್ಲ. "ಗ್ರಾಹಕರ ತೃಪ್ತಿಗಾಗಿ ಬದಲಿಸಲಾಗಿದೆ" ಅಂತ ಇತ್ತು.

ನಮಸ್ಕಾರ.