ಪದ್ಯ ಯಾವುದು, ಅರ್ಥ ಯಾವುದು

(ಉಡುಪಿಯ ಕೇಳುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಷ್ಟು ಜೋರು ಮಳೆಯಲ್ಲೂ ಬಂದಿದ್ದೀರಿ, ಕುಂದಾಪುರದಿಂದ ಬಂದವರೂ ಕಾಣುತ್ತಿದ್ದಾರೆ, ಸಂತೋಷ. ಹಂಚಿನ ಮೇಲೆ ಬೀಳುವ ಸದ್ದಿನಲ್ಲಿ ನನ್ನ ಮಾತು ಹಿಂದಿನ ಸಾಲಿಗೆ ಕೇಳದಿದ್ದರೆ ಕೈ ಎತ್ತಿ, ಸ್ವರ ಏರಿಸುತ್ತೇನೆ.

ಮಂಗಳೂರಿನ ಹಂಪನಕಟ್ಟೆಯ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. 18 ವರ್ಷ ನಡೆಸಿದೆ. ಆಮೇಲೆ ಸಿಡಿ ಬಂತು, ಫೋನ್ ಬಂತು, ಅಂಗಡಿ ಮುಚ್ಚಿದೆ. ಆದರೆ ಕೇಳುವ ಚಟ ಹೋಗಲಿಲ್ಲ. ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗಳು, ಮಣಿಪಾಲದಲ್ಲಿ ಕೆಲಸ ಮಾಡುವವಳು, ನನ್ನ ಫೋನಿಗೆ ಒಂದು ಪಾಡ್‌ಕಾಸ್ಟ್ ಹಾಕಿ ಕೊಟ್ಟಳು. "ಮಾವ, ಇದು ನಿಮಗೆ ಹೇಳಿ ಮಾಡಿಸಿದ ಹಾಗೆ ಉಂಟು, ಹಾಡುಗಾರರ ಕಥೆ, ಜೊತೆಗೆ ಕೊಲೆ" ಎಂದಳು. ಅದು ಡಿಸ್‌ಗ್ರೇಸ್‌ಲ್ಯಾಂಡ್. ಅಮೆರಿಕದ ಜೇಕ್ ಬ್ರೆನ್ನನ್ 2018ರಲ್ಲಿ ಶುರು ಮಾಡಿದ್ದು. ಅವರು ಸ್ವತಃ ಬ್ಯಾಂಡಿನಲ್ಲಿ ಹಾಡಿದವರು. ಎಲ್ವಿಸ್ ಪ್ರೀಸ್ಲಿಯ ಮೆಂಫಿಸ್ ಮನೆಗೆ ಗ್ರೇಸ್‌ಲ್ಯಾಂಡ್ ಎಂದು ಹೆಸರು, ಅದನ್ನು ತಿರುಚಿ ಅಪಕೀರ್ತಿಯ ನಾಡು ಎಂಬ ಅರ್ಥ ಬರುವಂತೆ ಮಾಡಿದ್ದಾರೆ.

ಅದನ್ನೇ ನಮ್ಮ ಕೂಟದ ಹತ್ತು ಹನ್ನೆರಡು ಮಂದಿ ಕೇಳಿದೆವು. ಪ್ರತಿ ಶನಿವಾರ ಒಬ್ಬೊಬ್ಬರೂ ಅಭಿಪ್ರಾಯ ಹೇಳುವುದು. ಇವತ್ತು ನಾನು ಮಾತಾಡುವುದು ಆ ಅಭಿಪ್ರಾಯಗಳ ಬಗ್ಗೆಯೇ. ಪಾಡ್‌ಕಾಸ್ಟ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಕೊಲೆಯ ಕಥೆ ಕೇಳಿ ನಾವು ಅಭಿಪ್ರಾಯ ಕಟ್ಟಿಕೊಳ್ಳುವ ರೀತಿ.

ಮೊದಲ ವಾರ ಬಂದ ಮಾತೆಲ್ಲ ಸ್ವರದ ಮೇಲೆ. ಒಬ್ಬರಿಗೆ ನಿರೂಪಕರ ಗಂಟಲು ಬಹಳ ಇಷ್ಟ, ರಾತ್ರಿ ದೀಪ ಆರಿಸಿ ಕೇಳಿದರೆ ಮೈ ಜುಮ್ಮೆನ್ನುತ್ತದೆ ಎಂದರು. ನಿವೃತ್ತ ಶಿಕ್ಷಕಿಯೊಬ್ಬರಿಗೆ ಅದೇ ಸ್ವರ ಕಿರಿಕಿರಿ. "ಇವರು ಹೇಳುವುದಲ್ಲ, ಅಭಿನಯಿಸುವುದು" ಎಂದರು. ಒಬ್ಬರಿಗೆ ಜಾಹೀರಾತಿನ ಮೇಲೆ ಸಿಟ್ಟು. ಹೆಣ ಬಿದ್ದ ಮರುಕ್ಷಣ ಹಾಸಿಗೆ ದಿಂಬಿನ ಜಾಹೀರಾತು ಬಂದರೆ ಯಾರಿಗೆ ತಾನೇ ಹೊಟ್ಟೆ ತೊಳಸುವುದಿಲ್ಲ? ಇವೆಲ್ಲ ನ್ಯಾಯವಾದ ಮಾತುಗಳೇ, ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದವಲ್ಲ.

ನಿಲ್ಲಬೇಕಾದ ಮಾತು ಬಂದದ್ದು ಮೂರನೇ ವಾರ. ಪಕ್ಕವಾದ್ಯ ನುಡಿಸುವ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ಅವನು ಕೇಳಿದ, "ಸಂಗೀತಗಾರರ ಕಥೆ ಅಂತೀರಿ, ಅವರ ಸಂಗೀತ ಎಲ್ಲಿ ಉಂಟು?" ಹೌದು, ಇಲ್ಲ. ಕಂತಿನ ಆರಂಭದಲ್ಲಿ ಒಂದು ತುಣುಕು ಕೇಳಿಸುತ್ತದೆ. ಕೂಡಲೇ ಬ್ರೆನ್ನನ್ ಹೇಳಿಬಿಡುತ್ತಾರೆ, ನೀವೀಗ ಕೇಳಿದ್ದು ಆ ಕಲಾವಿದರ ಹಾಡಲ್ಲ, ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಮೊದಲೇ ತುಂಬಿಟ್ಟ ತುಣುಕು, ನಿಜವಾದ ಹಾಡಿನ ಹಕ್ಕು ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ ಅಂತ. ಅವರು ಮುಚ್ಚಿಡಲಿಲ್ಲ, ಅದನ್ನು ಮೆಚ್ಚುತ್ತೇನೆ. ಕ್ಯಾಸೆಟ್ ಮಾರಿದವನಾಗಿ ಹಾಡಿನ ಹಕ್ಕಿನ ಬೆಲೆ ಏನೆಂದು ನನಗೂ ಗೊತ್ತು. ಆದರೆ ಇದರ ಪರಿಣಾಮ ನೋಡಿ. ಒಬ್ಬ ಮನುಷ್ಯ ಇಡೀ ಬದುಕು ಹಾಡಿ ಸತ್ತ. ಅವನ ಹಾಡು ನಮ್ಮ ಕಿವಿಗೆ ಬೀಳುವುದಿಲ್ಲ, ಅವನ ಸಾವು ಮಾತ್ರ ಬೀಳುತ್ತದೆ. ಹಾಡಿಗೆ ಹಕ್ಕುದಾರರಿದ್ದಾರೆ, ಸಾವಿಗೆ ಯಾರೂ ಇಲ್ಲ.

ಅದೇ ದಿನ ಶಿಕ್ಷಕಿ ಇನ್ನೊಂದು ಪ್ರಶ್ನೆ ಹಾಕಿದರು. "ಕೊಲೆಯಾಗುವ ಮುಂಚೆ ಅವನು ಮನಸ್ಸಿನಲ್ಲಿ ಏನು ಅಂದುಕೊಂಡ ಅಂತ ಇವರಿಗೆ ಹೇಗೆ ಗೊತ್ತಾಯಿತು? ಇವರು ಅಲ್ಲಿದ್ದರಾ?"

ಈ ಪ್ರಶ್ನೆ ನನ್ನನ್ನು ಮನೆಗೆ ಹೋಗಲು ಬಿಡಲಿಲ್ಲ. ಯಾಕೆಂದರೆ ಇದಕ್ಕೆ ಉತ್ತರ ಕೊಡುವ ವಿದ್ಯೆ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಬರೀ ಕಿವಿಯಿಂದ ಕೇಳಿ ತೀರ್ಪು ಕೊಡುವ ಕಲೆ ನಮ್ಮಲ್ಲಿ ಉಂಟಲ್ಲ, ಯಕ್ಷಗಾನದ ತಾಳಮದ್ದಳೆ! ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು, ಅಷ್ಟೇ. ರಾತ್ರಿ ಎರಡು ಗಂಟೆಯ ಹೊತ್ತಿಗೂ ಚಾಪೆಯ ಮೇಲೆ ಕೂತವರು ಒಂದು ಮಾತು ತಪ್ಪಿದರೂ ಹಿಡಿಯುತ್ತಿದ್ದರು.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರದ ಮರೆಯಿಂದ ಬಾಣ ಬಿಟ್ಟದ್ದು ಸರಿಯಾ? ಬಿದ್ದ ವಾಲಿ ರಾಮನನ್ನೇ ವಿಚಾರಣೆಗೆ ನಿಲ್ಲಿಸುತ್ತಾನೆ. ನನ್ನ ಅಂಗಡಿಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಇದ್ದ ಕ್ಯಾಸೆಟ್ ಬಂದರೆ ವಾರದೊಳಗೆ ಖಾಲಿ. ಬಂಟ್ವಾಳದ ಕಡೆಯಿಂದ ಒಬ್ಬರು ಅಡಿಕೆ ಮಾರಲು ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದರು. ಬಿಳಿ ಪಂಚೆ, ಬೆರಳಿನ ತುದಿಗೆ ಅಡಿಕೆಯ ಚೊಗರು ಹಿಡಿದು ಕಪ್ಪಾದ ಉಗುರು. ಕ್ಯಾಸೆಟ್ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ಹಿಡಿದು, ಆ ಉಗುರಿನಿಂದಲೇ ಒಂದೊಂದು ಹೆಸರು ಮುಟ್ಟಿ ಓದುವರು. ಭಾಗವತರು ಯಾರು, ಮದ್ದಳೆ ಯಾರದ್ದು, ವಾಲಿ ಯಾರು, ರಾಮ ಯಾರು. ಆಮೇಲೆ "ಇವರ ರಾಮ ಆದರೆ ವಾಲಿಗೆ ಜಾಗ ಕೊಡುವುದಿಲ್ಲ ಮಾರಾಯ್ರೆ, ಬೇಡ" ಎಂದು ಹಿಂದೆ ಕೊಡುವರು. ಕೇಳುವ ಮೊದಲೇ ಹೇಳುವವ ಯಾರೆಂದು ಅವರು ವಿಚಾರಿಸುತ್ತಿದ್ದರು, ಯಾರ ಬಾಯಲ್ಲಿ ಕಥೆ ಯಾವ ಕಡೆಗೆ ವಾಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇನ್ನೂ ಮುಖ್ಯವಾದ ಸಂಗತಿ, ಅಲ್ಲಿ ಪದ್ಯ ಬೇರೆ, ಅರ್ಥ ಬೇರೆ. ಪ್ರಸಂಗಕರ್ತ ಬರೆದಿಟ್ಟದ್ದನ್ನು ಭಾಗವತರು ಹಾಡುತ್ತಾರೆ. ಅದು ನಿಂತಾಗ ಅರ್ಥಧಾರಿ ಮಾತು ಶುರು ಮಾಡುತ್ತಾನೆ, ಆ ಮಾತು ಅವನದ್ದೇ, ಆ ಗಳಿಗೆಗೆ ಹುಟ್ಟಿದ್ದು. ವಾಲಿಯ ಮನಸ್ಸಿನೊಳಗೆ ಅವನು ಎಷ್ಟು ಬೇಕಾದರೂ ಇಳಿಯಬಹುದು. ಯಾರೂ ಮೋಸ ಹೋಗುವುದಿಲ್ಲ, ಯಾಕೆಂದರೆ ಪದ್ಯ ಎಲ್ಲಿ ಮುಗಿಯಿತು, ಅರ್ಥ ಎಲ್ಲಿ ಶುರುವಾಯಿತು ಎಂಬುದು ಕಿವಿಗೇ ಗೊತ್ತಾಗುತ್ತದೆ. ಮದ್ದಳೆಯ ಪೆಟ್ಟು ನಿಂತದ್ದೇ ಗೆರೆ.

ಕೊಲೆಯ ಪಾಡ್‌ಕಾಸ್ಟಿನಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಪೊಲೀಸ್ ದಾಖಲೆಯೂ ಅದೇ ಸ್ವರದಲ್ಲಿ, ಊಹೆಯೂ ಅದೇ ಸ್ವರದಲ್ಲಿ, ಹಿಂದೆ ಅದೇ ಸಂಗೀತ. ಬ್ರೆನ್ನನ್ ನಾಟಕೀಯವಾಗಿಯೇ ಹೇಳುವವರು, ಅದು ಅವರ ಶೈಲಿ. ಶೈಲಿಯ ಮೇಲೆ ನನ್ನ ತಕರಾರಿಲ್ಲ. ಮದ್ದಳೆ ಎಲ್ಲಿ ನಿಂತಿತು ಎಂಬುದು ನನಗೆ ಕೇಳಬೇಕು, ಕೇಳುಗನಾಗಿ ನಾನು ಬಯಸುವುದು ಇಷ್ಟು.

ಗೆರೆ ಅಳಿದರೆ ಏನಾಗುತ್ತದೆ ಎಂದು ನಾರ್ವೆಯ ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದವರ ಕಥೆ ಕೇಳಿದಾಗ ಗೊತ್ತಾಯಿತು. ಇದನ್ನು ಹೇಳದ ಪಾಡ್‌ಕಾಸ್ಟ್ ಕಡಿಮೆ. ನಮ್ಮ ಕೂಟದ ಕಾಲೇಜು ಹುಡುಗರಿಗೆ ಬಾಯಿಪಾಠ. ಓಸ್ಲೋದಲ್ಲಿ ಓಯ್‌ಸ್ಟೈನ್ ಆರ್ಸೆತ್ ಎಂಬ ಗಿಟಾರ್ ವಾದಕ, ಯೂರೊನಿಮಸ್ ಎಂದು ಹೆಸರಿಟ್ಟುಕೊಂಡವರು, ಹೆಲ್ವೆಟೆ ಎಂಬ ರೆಕಾರ್ಡ್ ಅಂಗಡಿ ನಡೆಸುತ್ತಿದ್ದರು. ಹೆಲ್ವೆಟೆ ಎಂದರೆ ನರಕ. ಆ ಅಂಗಡಿಯ ಸುತ್ತ ಹುಡುಗರ ಒಂದು ವಲಯ ಬೆಳೆಯಿತು. 1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾಂಟೊಫ್ಟ್ ಚರ್ಚ್ ಬೆಂಕಿಗೆ ಆಹುತಿಯಾಯಿತು, ಅನುಮಾನ ಈ ವಲಯದ ಮೇಲೆ ಬಿತ್ತು. 12ನೇ ಶತಮಾನದ ಮರದ ಕಟ್ಟಡ, 1883ರಲ್ಲಿ ಬೇರೆ ಊರಿನಿಂದ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದು. ನಮ್ಮ ಕಡೆಯ ಮರದ ಮುಚ್ಚಿಗೆಯ ಗುಡಿಯೊಂದು ರಾತ್ರಿ ಬೆಳಗಾಗುವುದರೊಳಗೆ ಬೂದಿಯಾದರೆ ಊರಿಗೆ ಹೇಗಾಗುತ್ತದೋ ಯೋಚಿಸಿ. 1993ರ ಆಗಸ್ಟ್ 10ರಂದು ಆರ್ಸೆತ್ ಅವರನ್ನು ಅದೇ ವಲಯದ ವರ್ಗ್ ವಿಕರ್ನೆಸ್ ಇರಿದು ಕೊಂದರು. ಮರುವರ್ಷ 21 ವರ್ಷದ ಶಿಕ್ಷೆಯಾಯಿತು, ಅಲ್ಲಿನ ಕಾನೂನಿನಲ್ಲಿ ಆಗ ಅದೇ ಅತಿ ದೊಡ್ಡದು.

ಇಷ್ಟನ್ನು ಹುಡುಗರು ತಪ್ಪಿಲ್ಲದೆ ಹೇಳಿದರು. ಆಗ ನಾನು ಕೇಳಿದೆ, 1992ರ ಆಗಸ್ಟಿನಲ್ಲಿ ಲಿಲ್ಲೆಹ್ಯಾಮರ್‌ನಲ್ಲಿ ಸತ್ತವರು ಯಾರು? ಯಾರಿಗೂ ಹೊಳೆಯಲಿಲ್ಲ. ಅದೇ ವಲಯದ ಒಬ್ಬ ಡ್ರಮ್ಮರ್ ಸಲಿಂಗಿಯೊಬ್ಬರನ್ನು ಉದ್ಯಾನದಲ್ಲಿ ಇರಿದು ಕೊಂದಿದ್ದ, 14 ವರ್ಷದ ಶಿಕ್ಷೆ ಆಗಿತ್ತು. ಸತ್ತವರು ಯಾವ ಬ್ಯಾಂಡಿನವರೂ ಅಲ್ಲ, ಆಲ್ಬಂ ಇಲ್ಲ, ಬಣ್ಣ ಬಳಿದ ಮುಖದ ಫೋಟೋ ಇಲ್ಲ. ಹಾಗಾಗಿ ಕಥೆಯಲ್ಲಿ ಅವರ ಪಾಲಿಗೆ ಬರುವುದು ಒಂದು ವಾಕ್ಯ. ನಾವು ಕೇಳಿದ ಕಂತಿನಲ್ಲಿ ಅದು ಇತ್ತು ಕೂಡ. ನಮ್ಮ ಕಿವಿ ಅದನ್ನು ಹಿಡಿದಿರಲಿಲ್ಲ. ಇದರಲ್ಲಿ ಹೇಳುವವರ ತಪ್ಪು ಎಷ್ಟೋ ಕೇಳಿದ ನಮ್ಮದೂ ಅಷ್ಟೇ ಎಂದು ನನಗೆ ಅನ್ನಿಸಿತು.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. 1997ರ ಆಗಸ್ಟ್ 12ರಂದು ಮುಂಬೈಯ ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಗೆ ಬರುತ್ತಿದ್ದ ಗುಲ್ಶನ್ ಕುಮಾರ್ ಅವರನ್ನು ಗುಂಡಿಕ್ಕಿ ಕೊಂದರು. ಟಿ ಸೀರೀಸ್ ಕಟ್ಟಿದವರು. ನನ್ನ ಅಂಗಡಿಯ ಗೋಡೆಯ ಅರ್ಧ ಅವರ ಕ್ಯಾಸೆಟ್ಟುಗಳೇ ಇದ್ದವು. ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗಲೇ ಜನ ಪೇಪರ್ ಹಿಡಿದು ನಿಂತಿದ್ದರು. ಆಮೇಲೆ ತಿಂಗಳುಗಟ್ಟಲೆ ಬಂದವರೆಲ್ಲ ಕ್ಯಾಸೆಟ್ ಕೊಳ್ಳುವ ಮೊದಲು ಕೊಲೆಯ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರು. ಒಬ್ಬ ಹೆಸರಾಂತ ಸಂಗೀತ ನಿರ್ದೇಶಕರ ಹೆಸರು ಕೇಳಿಬಂದಾಗ ನಾನು ಕೌಂಟರಿನ ಹಿಂದೆ ನಿಂತು, ಕಣ್ಣಾರೆ ಕಂಡವನ ಹಾಗೆ, ಎಷ್ಟು ಜನರಿಗೆ ಆ ಕಥೆ ಹೇಳಿದೆನೋ ಲೆಕ್ಕವಿಲ್ಲ. ಆಮೇಲೆ ಇಂಗ್ಲೆಂಡಿನ ನ್ಯಾಯಾಲಯ ಅವರನ್ನು ಭಾರತಕ್ಕೆ ಒಪ್ಪಿಸಲು ನಿರಾಕರಿಸಿತು. ಗುಂಡು ಹಾರಿಸಿದ್ದಕ್ಕೆ 2002ರಲ್ಲಿ ಶಿಕ್ಷೆಯಾದದ್ದು ಬೇರೊಬ್ಬನಿಗೆ, 2021ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನು ಹೇಳಲು ನಾನು ಯಾವ ಗಿರಾಕಿಯನ್ನೂ ಹುಡುಕಿಕೊಂಡು ಹೋಗಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಇವತ್ತಿಗೂ ಕೌಂಟರಿನಲ್ಲಿ ಕೇಳಿದ್ದನ್ನೇ ನಂಬಿಕೊಂಡಿರಬಹುದು. ಅದು ನನಗೆ ಚುಚ್ಚುತ್ತದೆ.

ವಾಲಿಯ ವಿಷಯದಲ್ಲಿ ನಾವು ಬೆಳಗಿನ ತನಕ ವಾದಿಸಬಹುದು. ಅವನ ಹೆಂಡತಿ ತಾರೆ ಬಂದು ನಮ್ಮ ಬಾಗಿಲು ತಟ್ಟುವುದಿಲ್ಲ. ಇಲ್ಲಿ ಹಾಗಲ್ಲ. ಪಂಜಾಬಿನ ಗಾಯಕ ಸಿಧು ಮೂಸೆವಾಲಾ ಅವರನ್ನು 2022ರ ಮೇ 29ರಂದು ಮಾನ್ಸಾ ಜಿಲ್ಲೆಯ ಜವಾಹರ್‌ಕೆ ಗ್ರಾಮದಲ್ಲಿ ಕೊಂದಾಗ ಅವರಿಗೆ 28 ವರ್ಷ. 2025ರಲ್ಲಿ ಬಿಬಿಸಿ ಆ ಕೊಲೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿತು. ತಂದೆ ಬಲ್ಕೌರ್ ಸಿಂಗ್ ಬೇಡವೆಂದು ಕೋರ್ಟಿಗೆ ಹೋದರು. ಆದರೂ ಜೂನ್ 11ಕ್ಕೆ, ಮಗನ ಹುಟ್ಟಿದ ದಿನವೇ, ಅದು ಯೂಟ್ಯೂಬಿಗೆ ಬಂತು. ನಮ್ಮ ಕೂಟದಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. ಸತ್ಯ ಹೊರಗೆ ಬರಬೇಕಾದರೆ ಪತ್ರಕರ್ತರು ಮನೆಯವರ ಅಪ್ಪಣೆಗೆ ಕಾಯಬೇಕಾ ಎಂದು ಒಬ್ಬರು. ಕಾಯುವುದು ಬೇಡ, ದಿನವನ್ನಾದರೂ ಬದಲಿಸಬಹುದಿತ್ತಲ್ಲ ಎಂದು ಶಿಕ್ಷಕಿ. ನಾನು ಶಿಕ್ಷಕಿಯ ಕಡೆ. ತನಿಖೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ, ಸರಿ. ಆದರೆ ತಂದೆ ಮಗನ ಫೋಟೋದ ಮುಂದೆ ನಿಲ್ಲುವ ದಿನವನ್ನು ಬಿಟ್ಟುಕೊಟ್ಟಿದ್ದರೆ ತನಿಖೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಅಮೆರಿಕದ ಸೀರಿಯಲ್ ಎಂಬ ಪಾಡ್‌ಕಾಸ್ಟ್ 2014ರಲ್ಲಿ ಲೋಕಪ್ರಸಿದ್ಧವಾಯಿತು. ಅದರ ಕಥೆ 1999ರಲ್ಲಿ ಕೊಲೆಯಾದ ಶಾಲಾ ಹುಡುಗಿಯದ್ದು. 2022ರಲ್ಲಿ ಅದೇ ಪ್ರಕರಣ ಮತ್ತೆ ಕೋರ್ಟಿಗೆ ಬಂದಾಗ ಆ ಹುಡುಗಿಯ ತಮ್ಮ ನ್ಯಾಯಾಧೀಶರ ಮುಂದೆ, ನನಗೆ ಇದು ಪಾಡ್‌ಕಾಸ್ಟ್ ಅಲ್ಲ, ಮುಗಿಯದ ನಿಜಜೀವನ ಎಂಬ ಅರ್ಥದ ಮಾತು ಹೇಳಿದ. ಅದನ್ನು ಓದಿದ ದಿನ ನಾನು ಫೋನಿನಲ್ಲಿ ಏನೂ ಕೇಳಲಿಲ್ಲ.

ಹಾಗಾದರೆ ಬಿಟ್ಟುಬಿಡುವುದಾ ಎಂದು ತಂಗಿಯ ಮಗಳು ಕೇಳಿದಳು. ಬಿಡುವುದು ಬೇಡ. ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ಶಕುರ್ ಅವರಿಗೆ 1996ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡು ಬಿತ್ತು, ಸತ್ತಾಗ 25 ವರ್ಷ. ಆರು ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇನ್ನೊಬ್ಬ ರ‍್ಯಾಪ್ ಗಾಯಕ ನಟೋರಿಯಸ್ ಬಿಐಜಿ ಅವರ ಕೊಲೆ, 24 ವರ್ಷ. ಸ್ಲೋ ಬರ್ನ್ ಎಂಬ ಪಾಡ್‌ಕಾಸ್ಟ್ 2019ರಲ್ಲಿ ತನ್ನ ಮೂರನೇ ಸರಣಿಯನ್ನು ಈ ಇಬ್ಬರಿಗೇ ಮೀಸಲಿಟ್ಟಿತು, ನಿರೂಪಣೆ ಜೋಯಲ್ ಆಂಡರ್ಸನ್. ನಮ್ಮವರಲ್ಲಿ ಕೆಲವರಿಗೆ ಅದು ಸಪ್ಪೆ ಅನ್ನಿಸಿತು, ಕೊನೆಗೂ ಕೊಂದವರು ಯಾರೆಂದು ಹೇಳಲಿಲ್ಲವಲ್ಲ ಎಂದು. ನನಗೆ ಅದೇ ಹಿಡಿಸಿತು. ಗೊತ್ತಿರುವುದು ಮುಗಿದ ಕಡೆ ಅವರ ಮಾತೂ ನಿಂತಿತು. ಟುಪಾಕ್ ಪ್ರಕರಣದಲ್ಲಿ ಒಬ್ಬನ ಬಂಧನವಾದದ್ದು 2023ರಲ್ಲಿ, 27 ವರ್ಷ ಕಳೆದ ಮೇಲೆ. ತಾನು ತಪ್ಪಿತಸ್ಥನಲ್ಲ ಎಂದು ಅವನು ಕೋರ್ಟಿನಲ್ಲಿ ಹೇಳಿದ.

ಇನ್ನು ಹೆಚ್ಚು ಮಾತಾಡುವುದಿಲ್ಲ, ಇವತ್ತಿನ ಕೆಲಸ ಬಾಕಿ ಉಂಟು. ನಿಮ್ಮ ಕುರ್ಚಿಯ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟಿದ್ದೇವೆ. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ಪದ್ಯ, ಬಲಗಡೆ ಅರ್ಥ ಎಂದು ಬರೆದುಕೊಳ್ಳಿ. ನಾವೀಗ ಕೇಳುವುದು ಪಂಜಾಬಿ ಗಾಯಕ ಅಮರ್ ಸಿಂಗ್ ಚಮ್ಕೀಲಾ ಅವರ ಬಗ್ಗೆ. 1988ರ ಮಾರ್ಚ್ 8ರಂದು ಪಂಜಾಬಿನ ಮೆಹ್ಸಂಪುರದಲ್ಲಿ ಕಾರ್ಯಕ್ರಮಕ್ಕೆಂದು ಕಾರಿನಿಂದ ಇಳಿಯುವಾಗ ಅವರನ್ನೂ ಜೊತೆಯಲ್ಲಿ ಹಾಡುತ್ತಿದ್ದ ಪತ್ನಿ ಅಮರ್‌ಜೋತ್ ಅವರನ್ನೂ ವಾದ್ಯದವರಿಬ್ಬರನ್ನೂ ಕೊಂದರು. ಚಮ್ಕೀಲಾ ಅವರಿಗೆ 27 ವರ್ಷ. ಕೊಂದವರು ಯಾರೆಂದು ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ. ಅಷ್ಟು ಎಡಗಡೆಗೆ ಈಗಲೇ ಬರೆದುಕೊಳ್ಳಬಹುದು. ಹೇಳುವವರು ಇನ್ನೇನೇ ಹೇಳಿದರೂ ಅದು ಎಲ್ಲಿಂದ ಬಂತು ಎಂದು ಕಿವಿಗೊಟ್ಟು ಕೇಳಿ, ಆಮೇಲೆ ಯಾವ ಕಡೆಗೆಂದು ತೀರ್ಮಾನಿಸಿ.

ಅದಕ್ಕೂ ಮೊದಲು ಅವರಿಬ್ಬರು ಜೋಡಿಯಾಗಿ ಹಾಡಿದ ಒಂದು ಹಾಡು. ಕ್ಯಾಸೆಟ್ ನನ್ನ ಅಂಗಡಿಯದ್ದೇ, ಹಳತು, ಶುರುವಿಗೆ ಸ್ವಲ್ಪ ಕರಕರ ಸದ್ದು ಬರುತ್ತದೆ, ಆಮೇಲೆ ತುಂಬಿ ಸ್ಪಷ್ಟವಾಗುತ್ತದೆ. ಅಮ್ಮಾ, ಆ ಹಿಂದಿನ ದೀಪ ಆರಿಸಬೇಡಿ, ಬರೆಯುವುದಕ್ಕೆ ಬೆಳಕು ಬೇಕು.